ಚಾರ್ಲಿಗೆ ಅತ್ತವರು ಟಾಮಿಗೆ ಅನ್ನ ಹಾಕುವರೇ?

ಮಂಗಳೂರು: 2022ರ ಜೂನ್ ತಿಂಗಳು. ಮಳೆಗಾಲ ಆಗಷ್ಟೇ ಕಾಲಿಟ್ಟಿತ್ತು. ಕೊಡೆ ಮಡಚಿ ಸಿನೆಮಾ ಮಂದಿರದ ಒಳಗೆ ಹೋದವರು ಎರಡೂ ಮುಕ್ಕಾಲು ಗಂಟೆ ಕಳೆದು ಹೊರಗೆ ಬರುವಾಗ ಮುಖ ಒದ್ದೆ. ಮಳೆಯಿಂದಲ್ಲ! ಗಂಡ ಹೆಂಡತಿಯ ಮುಖ ನೋಡುವುದಿಲ್ಲ, ಅಪ್ಪ ಮಗನ ಮುಖ ನೋಡುವುದಿಲ್ಲ. ‘ಸ್ವಲ್ಪ ಶೀತ ಆಗಿದೆ ಮಾರಾಯ್ರೆ’ ಎಂದು ಮೂಗು ಒರೆಸಿಕೊಂಡು ಸ್ಕೂಟರಿನ ಕಡೆ ನಡೆದ ಗಂಡಸರಿಗೆ ಲೆಕ್ಕವಿಲ್ಲ.

ಅವರನ್ನೆಲ್ಲ ಅಳಿಸಿದ್ದು ಯಾವ ನಾಯಕಿಯೂ ಅಲ್ಲ, ಮುದಿ ತಾಯಿಯ ಪಾತ್ರವೂ ಅಲ್ಲ. ಒಂದು ನಾಯಿ. ಸಿನೆಮಾದ ಹೆಸರು ‘777 ಚಾರ್ಲಿ’.

ಆ ಸಿನೆಮಾ ಬಂದು ವರ್ಷಗಳು ಕಳೆದವು. ಆದರೂ ಟಿ.ವಿ.ಯಲ್ಲಿ ಬಂದ ಮರುದಿನ ಹೋಟೆಲಿನ ಮೇಜಿನಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ, ಪಶುವೈದ್ಯರ ಜಗಲಿಯಲ್ಲಿ ಅದರದೇ ಮಾತು ಮತ್ತೆ ಏಳುತ್ತದೆ. ಮೆಚ್ಚಿದವರು ಹೆಚ್ಚು. ಮೂಗು ಮುರಿದವರೂ ಉಂಟು. ‘ಈ ಸಿನೆಮಾದಿಂದಾಗಿ ನನ್ನ ಮನೆಯಲ್ಲಿ ಆದ ಫಜೀತಿ ನನಗೇ ಗೊತ್ತು’ ಎನ್ನುವ ಮೂರನೆಯ ಪಂಗಡವೂ ಒಂದು ಉಂಟು. ಈ ಮೂರನೆಯವರ ಮಾತನ್ನು ಕೇಳುವವರು ಕಡಿಮೆ.

ಬಯಸದೆ ಬಂದ ಹೊಣೆ

ಕತೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಧರ್ಮ ಎಂಬೊಬ್ಬ ಒಂಟಿ ಮನುಷ್ಯ. ಚಿಕ್ಕಂದಿನಲ್ಲೇ ಅಪಘಾತವೊಂದರಲ್ಲಿ ಮನೆಯವರನ್ನು ಕಳೆದುಕೊಂಡವನು. ಕಾರ್ಖಾನೆಯ ಕೆಲಸ, ಸಿಗರೇಟು, ಬಿಯರು, ಇಡ್ಲಿ, ಟಿ.ವಿ.ಯಲ್ಲಿ ಚಾರ್ಲಿ ಚಾಪ್ಲಿನ್. ಇಷ್ಟೇ ಅವನ ಲೋಕ. ನೆರೆಹೊರೆಯವರಿಗೆ ಅವನು ಬೇಡ, ಅವನಿಗೆ ಅವರು ಬೇಡ. ಇಂಥವನ ಬಾಗಿಲಿಗೆ, ತಳಿ ಬೆಳೆಸಿ ಮಾರುವವನ ಹಿಂಸೆಯಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ಮರಿಯೊಂದು ಬರುತ್ತದೆ. ಓಡಿಸಿದರೆ ಹೋಗುವುದಿಲ್ಲ. ಪೆಟ್ಟಾದ ಮರಿಯನ್ನು ವೈದ್ಯರಲ್ಲಿಗೆ ಕೊಂಡುಹೋದರೆ, ಬೇರೆ ಮನೆ ಸಿಗುವ ತನಕ ನೀನೇ ನೋಡಿಕೋ ಎಂಬ ಮಾತು ಬರುತ್ತದೆ. ಅಲ್ಲಿಗೆ ಬಿತ್ತು ಕೊರಳಿಗೆ ಹೊಣೆ!

ಮೊದಲರ್ಧ ನಗು. ಮನೆಯೆಲ್ಲ ರಾಡಿ, ಸಾಮಾನೆಲ್ಲ ಚೂರು, ಧರ್ಮನಿಗೆ ತಲೆಬಿಸಿ. ಉತ್ತರಾರ್ಧದಲ್ಲಿ ನಾಯಿಗೆ ವಾಸಿಯಾಗದ ಕಾಯಿಲೆ. ಟಿ.ವಿ.ಯಲ್ಲಿ ಹಿಮ ಕಂಡರೆ ಕುಣಿಯುತ್ತಿದ್ದ ಪ್ರಾಣಿಗೆ ಒಮ್ಮೆ ನಿಜವಾದ ಹಿಮ ತೋರಿಸಬೇಕೆಂದು ಧರ್ಮ ಮೋಟಾರ್ ಸೈಕಲ್ಲಿಗೆ ತೊಟ್ಟಿಲು ಕಟ್ಟಿದ ಹಾಗೆ ಪಕ್ಕದ ಗಾಡಿ ಜೋಡಿಸಿಕೊಂಡು ಹಿಮಾಲಯಕ್ಕೆ ಹೊರಡುತ್ತಾನೆ. ಮುಂದಿನದನ್ನು ನೋಡಿದವರಲ್ಲಿ ಕೇಳಬೇಡಿ, ಅವರಿಗೆ ಮತ್ತೆ ಶೀತ ಶುರುವಾಗುತ್ತದೆ.

ಕರಾವಳಿಯವರಿಗೆ ಈ ಸಿನೆಮಾದ ಮೇಲೆ ಸ್ವಲ್ಪ ಹೆಚ್ಚಿನ ಅಭಿಮಾನ. ಕಾರಣ ಇಲ್ಲದಿಲ್ಲ. ಬರೆದು ನಿರ್ದೇಶಿಸಿದ ಕಿರಣ್‌ರಾಜ್ ಕಾಸರಗೋಡಿನವರು. ಧರ್ಮನಾಗಿ ನಟಿಸಿ, ನಿರ್ಮಾಣದ ಹೊರೆಯನ್ನೂ ಹೊತ್ತ ರಕ್ಷಿತ್ ಶೆಟ್ಟಿ ಉಡುಪಿಯವರು. ಪಶುವೈದ್ಯರ ಪಾತ್ರದಲ್ಲಿ ನಗಿಸಿದ ರಾಜ್ ಬಿ. ಶೆಟ್ಟಿ ಮಂಗಳೂರಿನವರು. ಜೂನ್ 10ರಂದು ಕನ್ನಡದ ಜತೆಗೆ ಹಿಂದಿ, ತಮಿಳು, ತೆಲುಗು, ಮಲಯಾಳಗಳಲ್ಲೂ ಬಿಡುಗಡೆಯಾದಾಗ ‘ನಮ್ಮ ಹುಡುಗರ ಸಿನೆಮಾ’ ಎಂದು ಎದೆಯುಬ್ಬಿಸಿ ಟಿಕೇಟು ಕೊಂಡವರು ಬಹಳ.

ಮುಖ್ಯಮಂತ್ರಿಯೂ ಅತ್ತರು, ಪೊಲೀಸರೂ ಮೆಚ್ಚಿದರು

ಅತ್ತವರಲ್ಲಿ ದೊಡ್ಡವರೂ ಇದ್ದರು. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಸಿನೆಮಾ ನೋಡಿ ಕಣ್ಣೀರಿಟ್ಟದ್ದನ್ನು ನಾಡೆಲ್ಲ ಕಂಡಿತು. ಹಿಂದಿನ ವರ್ಷವಷ್ಟೇ ಅವರ ಮನೆಯ ನಾಯಿ ಸತ್ತಿತ್ತು. ಆ ನೋವು ಮತ್ತೆ ಎದ್ದು ಬಂದಿತ್ತು. ಕೆಲವೇ ದಿನಗಳಲ್ಲಿ ರಾಜ್ಯ ಸರ್ಕಾರ ಸಿನೆಮಾಕ್ಕೆ ಆರು ತಿಂಗಳ ತೆರಿಗೆ ವಿನಾಯಿತಿಯನ್ನೂ ಘೋಷಿಸಿತು. ಮಂಗಳೂರು ಪೊಲೀಸರಂತೂ ಶ್ವಾನದಳಕ್ಕೆ ಹೊಸದಾಗಿ ಬಂದ ಮರಿಗೆ ಚಾರ್ಲಿ ಎಂದೇ ಹೆಸರಿಟ್ಟರು. 2023ರ ಆಗಸ್ಟಿನಲ್ಲಿ ಘೋಷಣೆಯಾದ 69ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರದ ಗೌರವವೂ ಇದಕ್ಕೇ ಬಂತು.

ಇನ್ನು ಹಳೆಯ ತಲೆಮಾರಿನ ಚಿತ್ರರಸಿಕರ ಮಾತು ಬೇರೆ. ಅವರಿಗೆ ನಾಯಿ ಸಿನೆಮಾ ಎಂದರೆ ಕೂಡಲೇ ನೆನಪಾಗುವುದು 1985ರ ಹಿಂದಿಯ ‘ತೇರಿ ಮೆಹರ್‌ಬಾನಿಯಾಂ’. ಅದರ ಮೂಲ ಕನ್ನಡದ ‘ತಾಳಿಯ ಭಾಗ್ಯ’. ಅಲ್ಲಿ ಯಜಮಾನನನ್ನು ಕೊಂದವರ ಮೇಲೆ ನಾಯಿ ಸೇಡು ತೀರಿಸಿಕೊಳ್ಳುತ್ತದೆ. ಸಿಳ್ಳೆಯೋ ಸಿಳ್ಳೆ. ‘ಆಗಿನ ನಾಯಿ ಫೈಟಿಂಗ್ ಮಾಡ್ತಿತ್ತು, ಈಗಿನ ನಾಯಿ ಬರೀ ಕಣ್ಣು ಬಿಟ್ಟು ನೋಡ್ತದೆ, ಅಷ್ಟಕ್ಕೇ ನಾವು ಅಳುವುದು’ ಎಂದು ನಗುವ ಹಿರಿಯರಿದ್ದಾರೆ.

ನಗುವಿನಲ್ಲಿ ಹೇಳಿದರೂ ಮಾತಿನಲ್ಲಿ ಹುರುಳಿದೆ. ಆ ಕಾಲದ ಸಿನೆಮಾಗಳಲ್ಲಿ ಮನುಷ್ಯನನ್ನು ಕಾಯುವುದು ನಾಯಿಯ ಧರ್ಮ. ಇಲ್ಲಿ ನಾಯಿಯನ್ನು ಕಾಯುವುದು ಮನುಷ್ಯನ ಧರ್ಮ. ಕಾವಲುಗಾರ ಯಾರು, ಕಾಯಲ್ಪಡುವವರು ಯಾರು ಎಂಬುದೇ ಅದಲುಬದಲಾಗಿದೆ. ಪ್ರೇಕ್ಷಕರನ್ನು ಅಲ್ಲಾಡಿಸಿದ್ದು ಇದೇ.

ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪಾಂಡವರು ರಾಜ್ಯ ಬಿಟ್ಟು ಹಿಮಾಲಯದ ಹಾದಿ ಹಿಡಿದಾಗ ಒಂದು ನಾಯಿ ಬೆನ್ನ ಹಿಂದೆ ಬರುತ್ತದೆ. ದ್ರೌಪದಿ ಬಿದ್ದಳು, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು. ಕೊನೆಗೆ ಉಳಿದದ್ದು ಧರ್ಮರಾಯ ಮತ್ತು ನಾಯಿ. ದೇವೇಂದ್ರ ರಥ ತಂದು, ನಾಯಿಯನ್ನು ಬಿಟ್ಟು ಹತ್ತು ಎಂದರೆ, ನಂಬಿ ಬಂದದ್ದನ್ನು ಬಿಟ್ಟು ಬರುವ ಸ್ವರ್ಗ ತನಗೆ ಬೇಡ ಎಂದವನು ಧರ್ಮರಾಯ. ಸಿನೆಮಾದ ನಾಯಕನ ಹೆಸರು ಧರ್ಮ, ಹೋಗುವುದು ಹಿಮಾಲಯಕ್ಕೆ, ಜತೆಗಿರುವುದು ನಾಯಿ. ‘ಅಲ್ಲಿ ಧರ್ಮರಾಯನ ಹಿಂದೆ ನಾಯಿ ಹೋಯಿತು, ಇಲ್ಲಿ ನಾಯಿಯ ಆಸೆಯ ಹಿಂದೆ ಧರ್ಮ ಹೋದ’ ಎಂಬುದು ಪ್ರಸಂಗ ಬಲ್ಲವರ ಅಂಬೋಣ. ಒಪ್ಪಬೇಕಾದ ಮಾತೇ.

ಮೂಗು ಮುರಿದವರು ಏನೆನ್ನುತ್ತಾರೆ?

ಎಲ್ಲರೂ ಹೊಗಳಿದರೆಂದರೆ ಸುಳ್ಳಾದೀತು. ‘ಮೊದಲರ್ಧ ನೋಡಿ ನಗಾಡಿದೆವು, ಎರಡನೆಯ ಅರ್ಧದಲ್ಲಿ ಅಳಿಸ್ಲಿಕ್ಕೇ ಹಟ ಹಿಡಿದ ಹಾಗೆ ಉಂಟು’ ಎಂಬುದು ದೊಡ್ಡ ದೂರು. ಉದ್ದವಾಯಿತು, ದಾರಿಯಲ್ಲಿ ಸಿಗುವವರೆಲ್ಲ ಒಂದೊಂದು ಉಪಕತೆ ತರುತ್ತಾರೆ, ಹಿಮ ಬೇಗ ಬರಲಿ ಎಂದು ನಾಯಿಗಿಂತ ಹೆಚ್ಚು ಪ್ರೇಕ್ಷಕನೇ ಕಾಯುವ ಹಾಗಾಯಿತು ಎನ್ನುವವರೂ ಇದ್ದಾರೆ.

ಮಕ್ಕಳನ್ನು ಕರೆದುಕೊಂಡು ಹೋದ ತಾಯಂದಿರದು ಇನ್ನೊಂದು ಪಾಡು. ‘ಪೋಸ್ಟರ್ ನೋಡಿದ್ರೆ ಮಕ್ಕಳ ಸಿನೆಮಾದ ಹಾಗೆ ಇತ್ತು. ಮನೆಗೆ ಬಂದು ಊಟ ಮಾಡದೆ ಮಲಗಿತು ನೋಡಿ’ ಎಂಬ ದೂರು ಒಂದೆರಡು ಮನೆಯದಲ್ಲ. ಸಾವು ಎಂದರೇನು ಎಂದು ಮಗು ಕೇಳಿದ ಮೊದಲ ಪ್ರಶ್ನೆ ನಾಯಿಯ ಹೆಸರಿನಲ್ಲಿ ಬಂದರೆ ಉತ್ತರ ಹೇಳಲು ಯಾವ ಅಪ್ಪ ಅಮ್ಮನಿಗೂ ಸುಲಭವಿಲ್ಲ. ಆದರೆ ಎಂದಾದರೂ ಹೇಳಲೇಬೇಕಾದ ಉತ್ತರವಲ್ಲವೇ, ಸಿನೆಮಾ ಆ ಕೆಲಸವನ್ನು ಶುರು ಮಾಡಿಕೊಟ್ಟಿತು ಎಂದು ಶಾಲೆಯ ಟೀಚರುಗಳು ಸಮಾಧಾನ ಹೇಳುವುದುಂಟು.

ನಾಯಿ ಸಾಕಿ ಗೊತ್ತಿದ್ದವರ ತಕರಾರು ಮಾತ್ರ ತಮಾಷೆಯದು. ಸಿನೆಮಾದಲ್ಲಿ ಚಾರ್ಲಿ ಇಡ್ಲಿ ತಿನ್ನುತ್ತದೆ. ಇಲ್ಲಿನ ನಾಯಿಗಳ ಮುಂದೆ ಇಡ್ಲಿ ಇಟ್ಟು ನೋಡಿ. ಮೂಸಿ, ನಿಮ್ಮ ಮುಖ ನೋಡಿ, ‘ಬಂಗುಡೆ ಎಲ್ಲಿ?’ ಎಂದು ಕೇಳುತ್ತವೆ. ಕುಚ್ಚಲಕ್ಕಿ ಅನ್ನಕ್ಕೆ ಮೀನಿನ ತಲೆ ಬೆರೆಸದೆ ಬಾಯಿ ಹಾಕದ ಮಹಾಶಯರು ಬೀದಿಗೊಬ್ಬರು!

ಮನೆಯ ನಿಜವಾದ ‘ಧರ್ಮ’ ಯಾರು?

ಇಲ್ಲಿಗೆ ಬಂತು ಆ ಮೂರನೆಯ ಪಂಗಡದ ಮಾತು. ಇವರಲ್ಲಿ ಹೆಚ್ಚಿನವರು ಹೆಂಗಸರು, ಅದರಲ್ಲೂ ಐವತ್ತು ದಾಟಿದ ತಾಯಂದಿರು. ಸಿನೆಮಾ ಇವರಿಗೂ ಇಷ್ಟವೇ. ಆದರೆ ಇವರು ಕೇಳುವ ಪ್ರಶ್ನೆ ಬೇರೆ.

‘ಆ ಧರ್ಮನಿಗೇನು, ಹಿಂದೆ ಇಲ್ಲ ಮುಂದೆ ಇಲ್ಲ. ಬೀಗ ಹಾಕಿ ನಾಯಿ ಕಟ್ಟಿಕೊಂಡು ಹೊರಟ. ನಮ್ಮಲ್ಲಿ ನಾಯಿ ತರುವವ ಒಬ್ಬ, ಫೋಟೋ ತೆಗೆಯುವವ ಇನ್ನೊಬ್ಬ, ಬೆಳಿಗ್ಗೆ ಎದ್ದು ಅದರ ಹೊಲಸು ಬಳಿಯುವುದು ನಾನು!’

ಜಿಲ್ಲೆಯ ಯಾವ ವಠಾರದಲ್ಲಿ ಕೇಳಿದರೂ ಇದೇ ರಾಗ. ಸಿನೆಮಾ ನೋಡಿದ ವಾರದಲ್ಲಿ ಮಗನಿಗೆ ಲ್ಯಾಬ್ರಡಾರ್ ಬೇಕೆಂಬ ಹಟ. ‘ನಾನೇ ನೋಡಿಕೊಳ್ತೇನೆ ಅಮ್ಮ, ದೇವರಾಣೆ’ ಎಂಬ ಭಾಷೆ. ಮೊದಲ ತಿಂಗಳು ಮರಿ ಹಾಸಿಗೆಯಲ್ಲೇ. ಎರಡನೆಯ ತಿಂಗಳಿಗೆ ವರಾಂಡಕ್ಕೆ. ಪರೀಕ್ಷೆ ಬಂತು, ಕಾಲೇಜು ಬಂತು, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಇನ್ನು ಗಲ್ಫಿನ ವೀಸಾ ಬಂದರಂತೂ ಮುಗಿಯಿತು. ಮಗ ವಿಮಾನ ಹತ್ತಿದ, ಸರಪಳಿ ಅಮ್ಮನ ಕೈಗೆ ಬಂತು. ‘ಸ್ವಲ್ಪ ದಿನ ನೋಡ್ಕೊ ಅಮ್ಮ’ ಎಂದ ಆ ಸ್ವಲ್ಪ ದಿನ ಹತ್ತು ವರ್ಷವಾಗುತ್ತದೆ.

ಲ್ಯಾಬ್ರಡಾರಿನ ಆಯುಷ್ಯ ಸಾಮಾನ್ಯವಾಗಿ ಹತ್ತು ಹನ್ನೆರಡು ವರ್ಷ. ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಮರಿ ತಂದ ಹುಡುಗನಿಗೆ ಅದು ಮುದಿಯಾಗುವ ಹೊತ್ತಿಗೆ ಮದುವೆಯ ಮಾತುಕತೆ ನಡೆದಿರುತ್ತದೆ. ತಂದಾಗ ಅಂಗೈಯಲ್ಲಿ ಕೂರುತ್ತಿದ್ದ ಮರಿ ಬೆಳೆದು ಇಪ್ಪತ್ತೈದು, ಮೂವತ್ತು ಕಿಲೋ ದಾಟುತ್ತದೆ. ಮೊಣಕಾಲು ನೋವಿನ ಅಮ್ಮ ಅದನ್ನು ಬೀದಿಯಲ್ಲಿ ಕರೆದೊಯ್ಯುತ್ತಾಳೋ, ಅದು ಅಮ್ಮನನ್ನು ಎಳೆದೊಯ್ಯುತ್ತದೋ ಹೇಳುವುದು ಕಷ್ಟ.

ಆದರೂ ಈ ತಾಯಂದಿರು ಬೈಯುತ್ತಲೇ ಸಾಕುತ್ತಾರೆ. ಮೀನು ಕೊಳ್ಳುವಾಗ ‘ನಾಯಿಗೆ ಸ್ವಲ್ಪ ತಲೆ ಹಾಕು ಮಾರಾಯ್ತಿ’ ಎಂದು ಕೇಳಿ ತರುತ್ತಾರೆ. ಮಗ ಫೋನಿನಲ್ಲಿ ಮೊದಲು ವಿಚಾರಿಸುವುದು ನಾಯಿಯನ್ನು, ಆಮೇಲೆ ಅಮ್ಮನ ಶುಗರನ್ನು! ನೆಂಟರ ಮದುವೆಗೆ ಹೋದರೂ ರಾತ್ರಿ ಉಳಿಯುವ ಹಾಗಿಲ್ಲ. ಬಯಸದೆ ಬಂದ ಹೊಣೆ ಎಂದರೆ ಇದು. ಇವರ ಮೇಲೆ ಯಾರೂ ಸಿನೆಮಾ ತೆಗೆದಿಲ್ಲ.

ಮೀನುಗಾರರ ನಾಯಿ, ಆದರೆ ಈ ಕಡಲಿನದಲ್ಲ

ಲ್ಯಾಬ್ರಡಾರ್ ಸಾಧು, ಮಕ್ಕಳೊಡನೆ ಹೊಂದಿಕೊಳ್ಳುತ್ತದೆ, ಬುದ್ಧಿ ಚುರುಕು. ಎಲ್ಲವೂ ನಿಜ. ಇದರ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರ ಬಳಿ ಬಲೆ ಎಳೆಯಲು ನೆರವಾಗುತ್ತಿದ್ದ ನಾಯಿಗಳು ಎಂಬುದೂ ನಿಜ. ಹಾಗೆ ನೋಡಿದರೆ ಮೀನಿನ ಊರಾದ ಮಂಗಳೂರಿಗೆ ಒಪ್ಪುವ ನಾಯಿಯೇ. ಆದರೆ ಅಲ್ಲಿನ ಕಡಲು ಮಂಜುಗಡ್ಡೆಯ ಕಡಲು. ಆ ಚಳಿಗೆಂದು ಬಂದ ಎರಡು ಪದರದ ಕೂದಲು ಇಲ್ಲಿನ ಏಪ್ರಿಲ್ ಸೆಕೆಗೆ, ಜುಲೈ ತೇವಕ್ಕೆ ಹೇಳಿಸಿದ್ದಲ್ಲ. ಒದ್ದೆಯಾದ ಕೂದಲು ಒಣಗುವುದಿಲ್ಲ, ಚರ್ಮ ಕೆಂಪಾಗುತ್ತದೆ, ಕಿವಿ ಸೋರುತ್ತದೆ, ಉಣ್ಣಿ ಹತ್ತಿದರೆ ಜ್ವರ. ಪಶುವೈದ್ಯರ ಬಾಗಿಲಲ್ಲಿ ಮಳೆಗಾಲದ ಸಾಲು ಉದ್ದವಾಗಲು ಇದೂ ಒಂದು ಕಾರಣ.

ಸಿನೆಮಾ ಇದನ್ನು ಮುಚ್ಚಿಟ್ಟಿಲ್ಲ ಎಂಬುದನ್ನು ಗಮನಿಸಬೇಕು. ಚಾರ್ಲಿಗೆ ಬರುವುದು ರಕ್ತನಾಳದ ಕ್ಯಾನ್ಸರ್. ಹತ್ತಿರದ ರಕ್ತಸಂಬಂಧದ ನಾಯಿಗಳನ್ನೇ ಕೂಡಿಸಿ ಮರಿ ಹಾಕಿಸಿ ಮಾರುವ ದಂಧೆಯ ಫಲ ಅದು ಎಂದು ಕತೆ ಬೊಟ್ಟು ಮಾಡಿ ಹೇಳುತ್ತದೆ. ಅಂದರೆ ನಾಯಿಯನ್ನು ಅಂಗಡಿಯ ಸಾಮಾನಿನ ಹಾಗೆ ಕೊಳ್ಳಬೇಡಿ ಎಂಬುದೇ ಸಿನೆಮಾದ ಬುದ್ಧಿವಾದ. ಆ ಬುದ್ಧಿವಾದಕ್ಕೆ ಕಣ್ಣೀರು ಹಾಕಿ, ಮನೆಗೆ ಬಂದು ಫೋನಿನಲ್ಲಿ ‘ಲ್ಯಾಬ್ ಮರಿ ಎಷ್ಟಕ್ಕೆ?’ ಎಂದು ವಿಚಾರಿಸಿದ ಪ್ರೇಕ್ಷಕ ಮಹಾಶಯನಿಗೆ ಏನೆನ್ನೋಣ!

ಕಾನೂನು ಇಲ್ಲವೆಂದಲ್ಲ. ನಾಯಿ ತಳಿ ಬೆಳೆಸಿ ಮಾರುವವರಿಗೆ 2017ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ಹದಿನೆಂಟು ತಿಂಗಳಾಗದ ಹೆಣ್ಣು ನಾಯಿಯಿಂದ ಮರಿ ಹಾಕಿಸುವ ಹಾಗಿಲ್ಲ. ಕೊಳ್ಳುವವರು ನೋಂದಣಿ ಪತ್ರ ತೋರಿಸಿ ಎಂದು ಒಂದು ಮಾತು ಕೇಳಿದರೂ ಅರ್ಧ ದಂಧೆ ನಿಂತೀತು. ಆದರೆ ಮರಿಯ ಮುಖ ನೋಡಿದ ಮೇಲೆ ಪತ್ರ ಕೇಳುವ ಬುದ್ಧಿ ಯಾರಿಗೆ ಬರುತ್ತದೆ?

ಐವತ್ತು ರೂಪಾಯಿಯ ಅಪರಾಧ

ಇನ್ನು ಸಾಕಿದ್ದು ಸಾಕಾಯಿತು ಎಂದಾದಾಗ ಏನಾಗುತ್ತದೆ? ಬಾಡಿಗೆ ಮನೆಯ ಮಾಲೀಕ ಬೇಡ ಎಂದ, ಫ್ಲ್ಯಾಟಿನಲ್ಲಿ ಪಕ್ಕದವರ ತಕರಾರು, ಮನೆಯಲ್ಲಿ ಬಾಣಂತಿ, ವಯಸ್ಸಾದವರು ತೀರಿಕೊಂಡರು, ನಾಯಿಗೇ ಚರ್ಮರೋಗ ಬಂತು. ಕಾರಣ ನೂರು. ಒಂದು ರಾತ್ರಿ ಕಾರಿನಲ್ಲಿ ಕೂರಿಸಿ ಕಡಲ ತಡಿಗೋ, ಮಾರ್ಕೆಟ್ಟಿನ ಹಿಂದಕ್ಕೋ, ಹೆದ್ದಾರಿಯ ಬದಿಗೋ ಬಿಟ್ಟು ಬರುವುದು. ಕೊರಳಲ್ಲಿ ಪಟ್ಟಿ ಇನ್ನೂ ಇರುವ ಜಾತಿ ನಾಯಿಯೊಂದು ಪ್ರತಿಯೊಂದು ಕಾರಿನ ಹಿಂದೆ ಓಡುತ್ತಿದ್ದರೆ ಬಿಡಿಸಿ ಹೇಳಬೇಕಾಗಿಲ್ಲ. ಅದು ಹುಡುಕುವುದು ಅನ್ನವನ್ನಲ್ಲ, ಆ ಕಾರನ್ನು.

ಬೀದಿಯಲ್ಲೇ ಹುಟ್ಟಿದ ನಾಯಿಗೆ ಬೀದಿಯ ಬುದ್ಧಿ ಇರುತ್ತದೆ. ಎಲ್ಲಿ ಮಲಗಬೇಕು, ಯಾರಿಗೆ ಬಾಲ ಅಲ್ಲಾಡಿಸಬೇಕು, ಯಾವ ಗಲ್ಲಿಗೆ ಕಾಲಿಡಬಾರದು ಎಲ್ಲ ಗೊತ್ತು. ಸೋಫಾದಲ್ಲಿ ಬೆಳೆದ ನಾಯಿಗೆ ಅದೊಂದೂ ಗೊತ್ತಿಲ್ಲ. ಒಂದೋ ವಾಹನದಡಿಗೆ, ಇಲ್ಲವೇ ಬೇರೆ ನಾಯಿಗಳ ಬಾಯಿಗೆ. ನಾಯಿಪಾಡು ಎಂಬ ಮಾತು ಹುಟ್ಟಿದ್ದು ಸುಮ್ಮನೆ ಅಲ್ಲ.

ಹೀಗೆ ಬಿಟ್ಟುಬರುವುದು ಅಪರಾಧ ಎಂಬುದು ಎಷ್ಟೋ ಜನರಿಗೆ ತಿಳಿದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನಿನಲ್ಲಿ, ಹಸಿವೆ ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು ಶಿಕ್ಷಾರ್ಹ ಎಂದು ಸ್ಪಷ್ಟವಾಗಿ ಬರೆದಿದೆ. ಶಿಕ್ಷೆ ಏನು ಗೊತ್ತೇ? ಮೊದಲ ಬಾರಿಯ ತಪ್ಪಿಗೆ ಹತ್ತು ರೂಪಾಯಿಗೆ ಕಡಿಮೆಯಿಲ್ಲದ, ಐವತ್ತು ರೂಪಾಯಿ ಮೀರದ ದಂಡ! ಕಾಯಿದೆ ಮಾಡಿದ ಕಾಲಕ್ಕೆ ಅದು ದೊಡ್ಡ ಮೊತ್ತವಿದ್ದೀತು. ಇವತ್ತು ಒಂದು ಮಸಾಲೆ ದೋಸೆಗೂ ಸಾಲದ ಹಣ. ಚಾರ್ಲಿಯನ್ನು ನೋಡಿ ಅಳಲು ಕೊಟ್ಟ ಟಿಕೇಟಿನ ಹಣದಲ್ಲಿ, ಚಾರ್ಲಿಯಂಥದ್ದನ್ನು ಬೀದಿಗೆ ಬಿಟ್ಟ ದಂಡ ಕಟ್ಟಿ ಚಿಲ್ಲರೆ ಉಳಿಸಬಹುದು ಎಂದರೆ ಏನು ಹೇಳುವುದು?

ಎದುರು ಪಕ್ಷದವರ ಮಾತೂ ಕೇಳಬೇಕು

ನಾಯಿಪ್ರೇಮಿಗಳ ಮಾತು ಇಷ್ಟಾದರೆ, ನಾಯಿ ಎಂದರೆ ಉರಿದು ಬೀಳುವವರ ಮಾತಿಗೂ ಬೆಲೆ ಕೊಡಬೇಕು. ‘ಸಿನೆಮಾದ ನಾಯಿ ಕಚ್ಚುವುದಿಲ್ಲ ಸ್ವಾಮಿ, ಬೀದಿಯ ನಾಯಿ ಕಚ್ಚುತ್ತದೆ’ ಎಂಬುದು ಇವರ ವಾದ. ಬೆಳಿಗ್ಗೆ ಐದಕ್ಕೆ ಪೇಪರು ಹಾಕುವ ಹುಡುಗ, ಹಾಲಿನವನು, ಮೊದಲ ಬಸ್ಸಿಗೆ ಓಡುವ ಹೆಂಗಸು, ಬ್ಯಾಗು ಹೊತ್ತ ಶಾಲೆ ಮಗು. ಇವರ್‍ಯಾರೂ ಚಾರ್ಲಿಗೆ ಶತ್ರುಗಳಲ್ಲ. ಆದರೆ ಇವರ ಹೆದರಿಕೆ ನಿಜ.

ಹುಚ್ಚುನಾಯಿ ರೋಗ ತಮಾಷೆಯ ಮಾತಲ್ಲ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನನ್ನು ಉಳಿಸುವುದು ಹೆಚ್ಚುಕಡಿಮೆ ಆಗದ ಕೆಲಸ. ಕಚ್ಚಿದ ಕೂಡಲೇ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಮೆಣಸಿನ ಪುಡಿ ಎಂದು ಮನೆಮದ್ದು ಮೆತ್ತದೆ ನೇರ ಆಸ್ಪತ್ರೆಗೆ ಹೋಗಬೇಕು. ಚುಚ್ಚುಮದ್ದಿನ ಎಲ್ಲ ಸುತ್ತು ಮುಗಿಸಬೇಕು. ಸಾಕುನಾಯಿ ಕಚ್ಚಿದರೂ, ಮರಿನಾಯಿ ಪರಚಿದರೂ ಇದೇ ಕ್ರಮ. ‘ನಮ್ಮ ಮನೆಯ ನಾಯಿ, ಏನಾಗುವುದಿಲ್ಲ’ ಎಂಬ ಧೈರ್ಯ ಬೇಡ. ಮರಿಗೆ ಮೂರು ತಿಂಗಳಾಗುವ ಹೊತ್ತಿಗೆ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷ. ಸಾಕುವವನ ಮೊದಲ ಕರ್ತವ್ಯ ಇದು, ಕೇಕ್ ಕತ್ತರಿಸಿ ಹುಟ್ಟುಹಬ್ಬ ಮಾಡುವುದಲ್ಲ.

ಬೀದಿ ನಾಯಿಗಳ ವಿಚಾರ ಸುಪ್ರೀಂ ಕೋರ್ಟಿನ ತನಕ ಹೋಗಿ ಬಂದದ್ದು ಗೊತ್ತೇ ಇದೆ. 2023ರ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಊರಿನ ಆಡಳಿತ ಸಂಸ್ಥೆ ನಾಯಿಗಳನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡಬೇಕು. ಕಿವಿಯ ತುದಿಯಲ್ಲಿ ಕಚ್ಚು ಹಾಕಿದ ನಾಯಿ ಕಂಡರೆ ಅದಕ್ಕೆ ಆಪರೇಷನ್ ಆಗಿದೆ ಎಂದರ್ಥ. 2025ರ ಆಗಸ್ಟ್ 11ರಂದು ದಿಲ್ಲಿಯ ಬೀದಿ ನಾಯಿಗಳನ್ನೆಲ್ಲ ಆಶ್ರಯ ತಾಣಕ್ಕೆ ಸಾಗಿಸಿ ಎಂದಿದ್ದ ನ್ಯಾಯಾಲಯ, 22ರಂದು ಆ ಆಜ್ಞೆಯನ್ನು ತಿದ್ದಿತು. ರೋಗದ, ಕಚ್ಚುವ ಸ್ವಭಾವದ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆಯ ಬಳಿಕ ಬಿಡಬಹುದೆಂದಿತು. ಅದೇ ವರ್ಷ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಜಾಗದಿಂದ ನಾಯಿಗಳನ್ನು ತೆಗೆಯಬೇಕು, ಮತ್ತೆ ಅಲ್ಲಿಗೆ ತಂದು ಬಿಡಬಾರದು ಎಂದಿತು.

ಇಷ್ಟರ ನಡುವೆ ಆಗಸ್ಟ್ 22ರ ಆಜ್ಞೆಯ ಒಂದು ಸಾಲು ಸಿನೆಮಾ ನೋಡಿ ಅತ್ತವರೆಲ್ಲ ಓದಬೇಕಾದದ್ದು. ಪ್ರಾಣಿಪ್ರಿಯರು ನಗರಾಡಳಿತಕ್ಕೆ ಅರ್ಜಿ ಕೊಟ್ಟು ಬೀದಿ ನಾಯಿಯನ್ನು ದತ್ತು ಪಡೆಯಬಹುದು. ಆದರೆ ಪಡೆದ ಮೇಲೆ ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೇ. ದತ್ತು ಎಂದರೆ ಪೂರ್ತಿ ದತ್ತು. ಅರ್ಧಕ್ಕೆ ಕೈ ಬಿಡುವ ಹಾಗಿಲ್ಲ.

ಊರ ನಾಯಿಗೆ ಯಾರೂ ಇಲ್ಲವೇ?

ಪಶುವೈದ್ಯರ ಜಗಲಿಯಲ್ಲಿ ಕೂತವರು ಆಗಾಗ ಎತ್ತುವ ಪ್ರಶ್ನೆ ಒಂದುಂಟು. ಚಾರ್ಲಿ ಹಳದಿ ಬಣ್ಣದ ಚಂದದ ಲ್ಯಾಬ್ರಡಾರ್ ಆಗಿರದೆ, ಕಿವಿ ಹರಿದ ಊರ ನಾಯಿ ಆಗಿದ್ದರೆ ಇಷ್ಟು ಜನ ಅಳುತ್ತಿದ್ದರೇ? ಉತ್ತರ ಹೇಳಲು ಎಲ್ಲರಿಗೂ ಸಂಕೋಚ. ಸಾಕುವ ದೃಷ್ಟಿಯಿಂದ ನೋಡಿದರೆ ಊರ ನಾಯಿಯೇ ಈ ಹವೆಗೆ ಹುಟ್ಟಿದ್ದು. ಮೈಗೆ ಅಂಟಿದ ಗಿಡ್ಡ ಕೂದಲು, ಮಳೆಗೆ ಒದ್ದೆಯಾದರೆ ಎರಡು ಸಲ ಮೈ ಕೊಡವಿದರೆ ಒಣಗಿತು. ಗಂಜಿಯಾದರೂ ಸೈ, ಮೀನಿನ ಮುಳ್ಳಾದರೂ ಸೈ. ಮನೆ ಕಾಯುವುದರಲ್ಲಿ ಇದಕ್ಕೆ ಸರಿಸಾಟಿ ಇಲ್ಲ. ಟಾಮಿ, ಟೈಗರ್, ಜಿಮ್ಮಿ ಎಂಬ ಒಂದು ಹೆಸರು ಕೊಟ್ಟರೆ ಮುಗಿಯಿತು, ಜೀವ ಇರುವ ತನಕ ಆ ಮನೆಯದೇ.

ಆದರೆ ಹೆಣ್ಣು ಮರಿಗೆ ಗಿರಾಕಿ ಇಲ್ಲ. ಗಂಡು ಮರಿಯನ್ನು ಯಾರಾದರೂ ಕೊಂಡೊಯ್ದಾರು, ಹೆಣ್ಣು ಮರಿಗಳು ಗೋಣಿಚೀಲದಲ್ಲಿ ತೋಡಿನ ಬದಿಗೆ. ಅದರಲ್ಲೂ ಜಡಿಮಳೆಯ ದಿನಗಳಲ್ಲಿ ಆ ಕುಂಯ್‌ಗುಡುವ ಸದ್ದು ಕೇಳಿ ನಿದ್ದೆ ಬಾರದವರು ಎದ್ದು ಹೋಗಿ ಎತ್ತಿಕೊಂಡು ಬಂದದ್ದೂ ಉಂಟು. ಅವರೂ ಧರ್ಮನ ಹಾಗೆಯೇ, ಬಯಸಿ ಹೋದವರಲ್ಲ. ಒಂದು ಸಣ್ಣ ಆಪರೇಷನ್ ಮಾಡಿಸಿದರೆ ಹೆಣ್ಣು ಮರಿಯೂ ಗಂಡಿನಷ್ಟೇ ಸಲೀಸು ಎಂದು ವೈದ್ಯರು ಹೇಳುತ್ತಾರೆ. ಚಾರ್ಲಿ ಸಹ ಹೆಣ್ಣು ನಾಯಿ ಎಂಬುದನ್ನು ಸಿನೆಮಾ ನೋಡಿದವರು ಮರೆಯಬಾರದು.

ಅಂದ ಹಾಗೆ, ತೆರೆಯ ಮೇಲೆ ಸತ್ತ ಚಾರ್ಲಿ ನಿಜವಾಗಿ ಸತ್ತಿರಲಿಲ್ಲ. ಸಿನೆಮಾ ಬಂದ ಎರಡು ವರ್ಷಕ್ಕೆ, 2024ರ ಮೇ ತಿಂಗಳಲ್ಲಿ ಆರು ಮರಿ ಹಾಕಿತು. ರಕ್ಷಿತ್ ಶೆಟ್ಟಿ ಹೋಗಿ ನೋಡಿ ಬಂದರು. ಸುದ್ದಿ ತಿಳಿದು, ಆಗ ಅತ್ತಿದ್ದವರೆಲ್ಲ ನಕ್ಕರು.

ನಕ್ಕದ್ದು ಸರಿ, ಅತ್ತದ್ದೂ ಸರಿ. ಮರಿ ತರಬೇಕೆಂಬ ಆಸೆಯೂ ತಪ್ಪಲ್ಲ. ತರುವ ಮೊದಲು ಮನೆಮಂದಿಯೆಲ್ಲ ಒಂದು ಸಂಜೆ ಕೂತು ನಾಲ್ಕು ಮಾತು ಆಡಿದರೆ ಸಾಕು. ಮುಂದಿನ ಹನ್ನೆರಡು ವರ್ಷ ಬೆಳಿಗ್ಗೆ ಯಾರು ಏಳುವುದು? ಲಸಿಕೆಗೆ, ಔಷಧಿಗೆ ಹಣ ಯಾರು ಕೊಡುವುದು? ಊರಿಗೆ ಹೋದರೆ ಯಾರ ಮನೆಯಲ್ಲಿ ಬಿಡುವುದು? ತಂದವನು ದೂರ ಹೋದರೆ ಸರಪಳಿ ಯಾರ ಕೈಗೆ? ಈ ಕೊನೆಯ ಪ್ರಶ್ನೆಯನ್ನು ಅಮ್ಮನ ಎದುರಿನಲ್ಲೇ ಕೇಳಬೇಕು. ಅವಳು ಹೂಂ ಎಂದರೆ ಮಾತ್ರ ತರಬೇಕು.

ನಗರಾಡಳಿತ ಸಂತಾನ ನಿಯಂತ್ರಣದ ಕೆಲಸವನ್ನು ಇನ್ನಷ್ಟು ಚುರುಕು ಮಾಡಲಿ, ನೋಂದಣಿಯಿಲ್ಲದೆ ಮರಿ ಮಾರುವವರ ಮೇಲೆ ಸಂಬಂಧಪಟ್ಟವರು ಕಣ್ಣಿಡಲಿ, ಐವತ್ತು ರೂಪಾಯಿಯ ದಂಡವನ್ನು ಮೇಲಿನವರು ತಿದ್ದಲಿ ಎಂಬುದು ಸಾರ್ವಜನಿಕರ ಆಗ್ರಹ. ಅದೆಲ್ಲ ಆಗುವಾಗ ಆಗಲಿ.

ಅಷ್ಟರ ತನಕ, ಸಂಜೆ ಏಳಕ್ಕೆ ಗೇಟಿನ ಬಳಿ ಅಲ್ಯೂಮಿನಿಯಂ ತಟ್ಟೆ ಹಿಡಿದು ‘ಬಾ ಮಾರಾಯ, ನಿನ್ನ ಯಜಮಾನ ದುಬೈಯಲ್ಲಿ ಹಾಯಾಗಿದ್ದಾನೆ’ ಎಂದು ಬೈಯುತ್ತ ಅನ್ನ ಹಾಕುವ ತಾಯಂದಿರು ಬೀದಿಗೊಬ್ಬರು ಸಿಗುತ್ತಾರೆ. ಅವರ ಕೈಯಲ್ಲಿ ಕರವಸ್ತ್ರ ಇರುವುದಿಲ್ಲ. ತಟ್ಟೆಯಲ್ಲಿ ಅನ್ನ ಇರುತ್ತದೆ.